ಡಚ್ಚರ ‘ಕೆರ್ಕ್’ ಎಲ್ಲಿಂದ ಬಂತು? ಇಗರ್ಜಿಗೂ ಅದಕ್ಕೂ ನಂಟಿದೆಯೇ?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ಗೆ ಕೆಲಸಕ್ಕೆ ಬಂದು ಒಂದು ವರ್ಷವಾಯಿತು, ಡಚ್ ಕಲಿಯುತ್ತಿದ್ದೇನೆ. ಚರ್ಚಿಗೆ ಇಲ್ಲಿ ‘ಕೆರ್ಕ್’ ಎನ್ನುತ್ತಾರೆ. ಔಡರ್‌ಕೆರ್ಕ್, ನೇಯ್‌ಕೆರ್ಕ್ ಎಂದು ಊರುಗಳ ಹೆಸರಲ್ಲೂ ಅದೇ ಇದೆ. ಇದು ವೃತ್ತ ಎಂಬ ಅರ್ಥದ ಲ್ಯಾಟಿನ್ ‘ಕಿರ್ಕುಸ್’ನಿಂದ ಬಂದದ್ದು ಎಂದು ಒಬ್ಬರು ಹೇಳಿದರು. ಚರ್ಚ್, ಕೆರ್ಕ್ ಎರಡೂ ಸಂಸ್ಕೃತದ ‘ಚರ್ಚಾ’ದ ಮಕ್ಕಳು ಎಂಬ ವಾಟ್ಸ್‌ಆ್ಯಪ್ ಸಂದೇಶವೂ ಬಂತು. ಯಾವುದು ನಿಜ? ನಮ್ಮ ಮಂಗಳೂರು ಕಡೆಯ ‘ಇಗರ್ಜಿ’ಗೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ:

ಎರಡೂ ನಿಜವಲ್ಲ. ಕೆರ್ಕ್ ಗ್ರೀಕ್ ಮೂಲದ ಪದ. ಗ್ರೀಕ್‌ನಲ್ಲಿ ‘ಕ್ಯುರಿಯೊಸ್’ ಎಂದರೆ ಒಡೆಯ. ಅದರಿಂದ ಆದ ವಿಶೇಷಣ ‘ಕ್ಯುರಿಯಕೊಸ್’, ಅಂದರೆ ಒಡೆಯನಿಗೆ ಸೇರಿದ. ಅದರ ನಪುಂಸಕ ರೂಪ ‘ಕ್ಯುರಿಯಕೊನ್’. ಇದನ್ನು ಕನ್ನಡದಲ್ಲಿ ಹೇಳುವುದು ಬಹಳ ಸುಲಭ, ಏಕೆಂದರೆ ನಮ್ಮಲ್ಲಿ ಅದಕ್ಕೆ ತಕ್ಕ ಪ್ರತ್ಯಯ ಸಿದ್ಧವಾಗಿಯೇ ಇದೆ: ‘ಒಡೆಯನದು’. ಈ ಮನೆ ಯಾರದು ಎಂದರೆ ಒಡೆಯನದು. ‘ಮನೆ’ ಎಂಬ ಪದ ಬಿದ್ದುಹೋಗಿ, ‘ಒಡೆಯನದು’ ಎಂಬುದೇ ಕಟ್ಟಡದ ಹೆಸರಾಗಿ ನಿಂತಿತು.

ಈ ಪದ ಹುಟ್ಟಿನಿಂದ ಧಾರ್ಮಿಕವಲ್ಲ. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ‘ಕ್ಯುರಿಯಕೊಸ್’ ಎಂದರೆ ಚಕ್ರವರ್ತಿಗೆ ಸೇರಿದ್ದು ಎಂದರ್ಥ. ಕ್ರಿ.ಶ. 68ರಲ್ಲಿ ಅಲ್ಲಿನ ಅಧಿಪತಿ ಹೊರಡಿಸಿದ ಆಜ್ಞೆಯೊಂದರಲ್ಲಿ ಅರಸೊತ್ತಿಗೆಯ ಖಜಾನೆಯ ಲೆಕ್ಕಕ್ಕೆ ಇದೇ ವಿಶೇಷಣವನ್ನು ಬಳಸಿದ್ದಾರೆ. ಕ್ರೈಸ್ತರು ಅದನ್ನು ತಮ್ಮ ಒಡೆಯನಿಗೆ, ಅಂದರೆ ಯೇಸುವಿಗೆ, ಒಗ್ಗಿಸಿಕೊಂಡರು. ಆದರೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಈ ವಿಶೇಷಣ ಬರುವುದು ಎರಡೇ ಸಲ: ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ‘ಒಡೆಯನ ಊಟ’ ಎಂದು, ಪ್ರಕಟನೆ ಎಂಬ ಕೊನೆಯ ಪುಸ್ತಕದಲ್ಲಿ ‘ಒಡೆಯನ ದಿನ’ ಎಂದು. ಎರಡು ಕಡೆಯೂ ಅದು ಕಟ್ಟಡದ ಮಾತಲ್ಲ. ಗ್ರೀಕರು ಇವತ್ತಿಗೂ ಭಾನುವಾರವನ್ನು ‘ಕಿರಿಯಾಕಿ’ ಎಂದೇ ಕರೆಯುತ್ತಾರೆ. ಈ ಎರಡನೆಯ ಬಳಕೆ ಹಾಗೆ ಉಳಿದಿದೆ.

ಕಟ್ಟಡಕ್ಕೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು 4ನೇ ಶತಮಾನದ ಆರಂಭದಲ್ಲಿ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಚಕ್ರವರ್ತಿ ಮ್ಯಾಕ್ಸಿಮಿನಸ್ 313ರಲ್ಲಿ ಸೋಲಿನ ಅಂಚಿನಲ್ಲಿದ್ದಾಗ ಅವರಿಗೆ ಅನುಮತಿ ಕೊಟ್ಟು ಆಜ್ಞೆ ಹೊರಡಿಸಿದ. ಇತಿಹಾಸಕಾರ ಯೂಸೀಬಿಯಸ್ ಉಳಿಸಿಕೊಟ್ಟಿರುವ ಅದರ ಗ್ರೀಕ್ ಪಾಠದಲ್ಲಿ, ಕ್ರೈಸ್ತರು ತಮ್ಮ ‘ಕ್ಯುರಿಯಕ’ಗಳನ್ನು ಕಟ್ಟಿಕೊಳ್ಳಬಹುದು ಎಂದಿದೆ. ಅದು ‘ಕ್ಯುರಿಯಕೊನ್’ನ ಬಹುವಚನ. ಈ ಬಹುವಚನದ ಕೊನೆಯ ‘ಅ’ಕಾರವನ್ನು ನೆನಪಿನಲ್ಲಿಡಿ. ಗ್ರೀಕ್‌ನಲ್ಲಿ ನಪುಂಸಕವಾಗಿದ್ದ ಪದ ಜರ್ಮ್ಯಾನಿಕ್ ಭಾಷೆಗಳಲ್ಲಿ, ಅಂದರೆ ಡಚ್, ಜರ್ಮನ್, ಇಂಗ್ಲಿಷ್ ಸೇರಿದ ಕುಟುಂಬದಲ್ಲಿ, ಸ್ತ್ರೀಲಿಂಗವಾಗಿದೆ, ಡಚ್ ನಿಘಂಟುಗಳಲ್ಲಿ ಕೆರ್ಕ್ ಈಗಲೂ ಸ್ತ್ರೀಲಿಂಗವೇ. ‘ಅ’ದಲ್ಲಿ ಮುಗಿಯುವ ಬಹುವಚನವನ್ನು ಕೇಳಿದವರು ಅದನ್ನು ಸ್ತ್ರೀಲಿಂಗ ಏಕವಚನ ಎಂದುಕೊಂಡಿರುವ ಸಾಧ್ಯತೆ ಹೆಚ್ಚು.

ಇನ್ನು ಪದ ಸವೆದ ಬಗೆ. ಗ್ರೀಕರು ಒತ್ತು ಹಾಕುತ್ತಿದ್ದದ್ದು ಕೊನೆಯ ಅಕ್ಷರಕ್ಕೆ. ಜರ್ಮ್ಯಾನಿಕ್ ಜನರ ನಾಲಿಗೆ ಪ್ರತಿ ಪದದ ಮೊದಲ ಅಕ್ಷರವನ್ನೇ ಒತ್ತುತ್ತದೆ. ಒತ್ತು ಮುಂದಕ್ಕೆ ಜರುಗಿದ ಕೂಡಲೇ ನಡುವಿನ ‘-ರಿಯ-’ ಸೊರಗಿ ‘-ರಿ-’ ಆಯಿತು. ತುಟಿ ದುಂಡಗೆ ಮಾಡಿ ಹೇಳುವ ಗ್ರೀಕ್ ಸ್ವರ ಆಗ ಜರ್ಮ್ಯಾನಿಕ್‌ನಲ್ಲಿ ಇರಲಿಲ್ಲ, ಆದ್ದರಿಂದ ಅದರ ಜಾಗಕ್ಕೆ ‘ಇ’ ಬಂತು. ಹೀಗೆ ಆದದ್ದು ‘ಕಿರಿಕ’. ಮಧ್ಯಯುಗದ ಡಚ್ಚಿನಲ್ಲಿ ಮೊದಲ ‘ಇ’ ‘ಎ’ಗೆ ಇಳಿಯಿತು, ನಡುವಿನ ‘ಇ’ ಪೂರ್ತಿ ಬಿದ್ದಿತು, ‘ಕೆರ್ಕೆ’ ಉಳಿಯಿತು. ಆಮೇಲೆ ಕೊನೆಯ ಸ್ವರವೂ ಹೋಗಿ ಈಗಿನ ‘ಕೆರ್ಕ್’. ಆ ಕೊನೆಯ ಸ್ವರ ಊರ ಹೆಸರುಗಳಲ್ಲಿ ಇನ್ನೂ ಜೀವಂತವಾಗಿದೆ: ಬೆಲ್ಜಿಯಂ ಕರಾವಳಿಯ ಮಿಡ್ಡೆಲ್‌ಕೆರ್ಕೆ, ಈಗ ಫ್ರಾನ್ಸಿನಲ್ಲಿರುವ ಡೌಯ್ನ್‌ಕೆರ್ಕೆ. ಎರಡನೆಯದು ನಿಮಗೆ ಡನ್‌ಕರ್ಕ್ ಎಂದು ಗೊತ್ತಿರುತ್ತದೆ, 1940ರಲ್ಲಿ ಬ್ರಿಟಿಷ್ ಸೈನ್ಯವನ್ನು ಹಡಗು ದೋಣಿಗಳಲ್ಲಿ ಪಾರು ಮಾಡಿದ ಜಾಗ. ಅದರರ್ಥ ‘ಮರಳುದಿಬ್ಬದ ಕೆರ್ಕ್’. 1067ರ ದಾಖಲೆಯಲ್ಲೇ ಅದು ‘ಡುನ್‌ಕೆರ್ಕ’ ಎಂದು ಬರುತ್ತದೆ.

ಇಲ್ಲಿ ಕನ್ನಡಿಗರು ಎಡವುವ ಒಂದು ಕಡೆ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬಹಳ ಜನ ಈ ಪದವನ್ನು ‘ಕೆರೆಕ್’ ಎಂದೇ ಉಚ್ಚರಿಸುತ್ತಾರೆ, ರ್ ಮತ್ತು ಕ್ ನಡುವೆ ಸಣ್ಣದೊಂದು ಸ್ವರ ಸೇರಿಸಿ. ಇದು ಹಳೆಯ ‘ಕಿರಿಕ’ದ ನಡುವಿನ ‘ಇ’ ಎಂದು ಹಿಗ್ಗಬೇಡಿ. ಅದು ಬಿದ್ದುಹೋಗಿ ಶತಮಾನಗಳಾದ ಮೇಲೆ ಹೊಸದಾಗಿ ನುಸುಳಿದ ಸ್ವರ ಇದು. ಹಾಲಿಗೆ ‘ಮೆಲ್ಕ್’ ಎನ್ನದೆ ‘ಮೆಲೆಕ್’, ತೋಳಿಗೆ ‘ಆರ್ಮ್’ ಎನ್ನದೆ ‘ಆರೆಮ್’ ಎನ್ನುವುದೂ ಇದೇ ಅಭ್ಯಾಸ. ನಮ್ಮಲ್ಲಿ ವರ್ಷ ‘ವರುಷ’ವಾಗಿ, ಭಕ್ತಿ ‘ಭಕುತಿ’ಯಾಗಿ ಬರುತ್ತದಲ್ಲ, ವ್ಯಾಕರಣದಲ್ಲಿ ಸ್ವರಭಕ್ತಿ ಎನ್ನುತ್ತೇವಲ್ಲ, ಅದೇ.

ಈಗ ‘ಚರ್ಚಾ’ ವಾದ. ಇದು ಒಂದೇ ಮೆಟ್ಟಿಲಲ್ಲಿ ಕುಸಿಯುತ್ತದೆ. ಇಂಗ್ಲಿಷ್‌ನ ‘ಚರ್ಚ್’ನಲ್ಲಿ ಎರಡು ಕಡೆ ಇರುವ ಚಕಾರ ಮೂಲದ್ದಲ್ಲ, ಇಂಗ್ಲಿಷ್ ನೆಲದಲ್ಲಿ ಕಕಾರ ಕರಗಿ ಆದದ್ದು. ಇ, ಎಗಳ ಪಕ್ಕದ ಕಕಾರ ಚಕಾರವಾಗುವುದು ಹಳೆಯ ಇಂಗ್ಲಿಷ್‌ನ ಕಟ್ಟುನಿಟ್ಟಿನ ನಿಯಮ. ಇದರಿಂದ ‘ಕಿರಿಕ’ ಅಲ್ಲಿ ‘ಚಿರಿಚೆ’ ಆಯಿತು, ಆಮೇಲೆ ಚರ್ಚ್. ಡಚ್ ಭಾಷೆ ಕಕಾರವನ್ನು ಬಿಡಲಿಲ್ಲ. ಚೀಸಿಗೆ ಇಂಗ್ಲಿಷ್‌ನಲ್ಲಿ ‘ಚೀಸ್’, ಡಚ್ಚಿನಲ್ಲಿ ‘ಕಾಸ್’. ಗದ್ದಕ್ಕೆ ಅಲ್ಲಿ ‘ಚಿನ್’, ಇಲ್ಲಿ ‘ಕಿನ್’. ಕನ್ನಡಿಗರಿಗೆ ಇದನ್ನು ಒಪ್ಪಿಸಲು ದೂರ ಹೋಗಬೇಕಿಲ್ಲ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ನಮ್ಮ ‘ಕೆರೆ’ ಅಲ್ಲಿ ‘ಚೆರುವು’, ನಮ್ಮ ‘ಕೆಡು’ ಅಲ್ಲಿ ‘ಚೆಡು’. ದ್ರಾವಿಡ ಭಾಷೆಗಳಲ್ಲಿ ಕನ್ನಡ ಎಲ್ಲಿ ನಿಂತಿದೆಯೋ ಜರ್ಮ್ಯಾನಿಕ್ ಭಾಷೆಗಳಲ್ಲಿ ಡಚ್ ಅಲ್ಲಿ ನಿಂತಿದೆ: ಕಕಾರ ಉಳಿಸಿಕೊಂಡ ಮನೆ. ಕಿವಿ, ಚೆವಿ ಬೇರೆ ಬೇರೆ ಪದ ಎನ್ನಲಾದೀತೇ? ಕೆರ್ಕ್, ಚರ್ಚ್ ವಿಷಯವೂ ಅಷ್ಟೇ. ‘ಚರ್ಚಾ’ದಿಂದ ಹೊರಟರೆ ಡಚ್, ಜರ್ಮನ್, ಸ್ಕಾಂಡಿನೇವಿಯದ ಭಾಷೆಗಳಲ್ಲೆಲ್ಲ ಇರುವ ಕಕಾರ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವೇ ಇಲ್ಲ.

ನಿಮ್ಮ ಪಕ್ಕದ ಫ್ರೀಸ್‌ಲ್ಯಾಂಡ್ ಪ್ರಾಂತಕ್ಕೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಊರ ಹೊರಗಿನ ಫಲಕಗಳಲ್ಲಿ ಡಚ್ ಹೆಸರೂ ಫ್ರೀಸಿಯನ್ ಹೆಸರೂ ಇರುತ್ತವೆ. ಡಚ್ಚಿನ ‘ಔಡ್‌ಕೆರ್ಕ್’ ಫ್ರೀಸಿಯನ್‌ನಲ್ಲಿ ‘ಆಲ್ಡ್‌ಚೆರ್ಕ್’, ಎರಡೂ ‘ಹಳೇ ಚರ್ಚು’. ಫ್ರೀಸಿಯನ್ ಭಾಷೆ ಇಂಗ್ಲಿಷ್‌ನ ಹತ್ತಿರದ ಬಂಧು, ಅಲ್ಲೂ ಮೊದಲ ಕಕಾರ ಚಕಾರವಾಗಿದೆ. ಆದರೆ ಕೊನೆಯ ಕಕಾರ ಹಾಗೇ ಉಳಿದಿದೆ. ಕೆರ್ಕ್‌ಗೂ ಚರ್ಚ್‌ಗೂ ನಡುವಿನ ಮೆಟ್ಟಿಲು ಒಂದೇ ಫಲಕದಲ್ಲಿ ಸಿಗುತ್ತದೆ.

‘ಕಿರ್ಕುಸ್’ ವಾದ ಇದಕ್ಕಿಂತ ಸ್ವಲ್ಪ ಗಟ್ಟಿ. ಕಕಾರವೂ ಇದೆ, ರೇಫವೂ ಇದೆ. ಹಳೆಯ ಕೆಲವು ಬೈಬಲ್ ನಿಘಂಟುಗಳೂ ಇದನ್ನು ಗಂಭೀರವಾಗಿಯೇ ಹೇಳಿವೆ: ಜನ ವೃತ್ತಾಕಾರವಾಗಿ ಸೇರುತ್ತಿದ್ದರು, ಅದರಿಂದ ಈ ಹೆಸರು ಎಂದು. ಇದನ್ನು ಪರೀಕ್ಷಿಸುವ ದಾರಿ ಒಂದೇ: ಈಗಿನ ರೂಪಗಳನ್ನು ಪಕ್ಕಕ್ಕಿಟ್ಟು, ಸಿಗುವ ಅತಿ ಹಳೆಯ ರೂಪಗಳನ್ನು ಸಾಲಾಗಿ ಬರೆಯಬೇಕು. ಹಳೆಯ ಇಂಗ್ಲಿಷ್ ‘ಚಿರಿಚೆ’. ಉತ್ತರ ಜರ್ಮನಿಯ ಹಳೆಯ ಸ್ಯಾಕ್ಸನ್ ‘ಕಿರಿಕ’. ದಕ್ಷಿಣದ ಹಳೆಯ ಹೈ ಜರ್ಮನ್ ‘ಕಿರಿಹ್ಹ’. ಮೂರರಲ್ಲೂ ರೇಫಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಒಂದು ‘ಇ’ ಇದೆ. ಮೂರೂ ಭಾಷೆಗಳು ಬೇರೆ ಬೇರೆಯಾಗಿ ಅದೇ ಜಾಗದಲ್ಲಿ ಅದೇ ಸ್ವರವನ್ನು ಕಲ್ಪಿಸಿಕೊಂಡವು ಎನ್ನುವುದು ಅಸಾಧ್ಯ. ಗ್ರೀಕ್ ಪದದಲ್ಲಿ ಆ ಸ್ವರಕ್ಕೆ ಜಾಗ ಇದೆ, ಅದೇ ‘-ರಿಯ-’. ‘ಕಿರ್ಕುಸ್’ನಲ್ಲಿ ಜಾಗವಿಲ್ಲ. ಅರ್ಥ ಎಷ್ಟು ಚೆನ್ನಾಗಿ ಹೊಂದಿದರೂ ಧ್ವನಿ ಲೆಕ್ಕ ತಪ್ಪಿದರೆ ನಿರುಕ್ತಿ ನಿಲ್ಲುವುದಿಲ್ಲ.

ಜರ್ಮನ್ ರೂಪದಿಂದ ಇನ್ನೊಂದು ಉಪಯೋಗ ಇದೆ. ಪದ ಯಾವ ಕಾಲಕ್ಕೆ ಬಂದಿತ್ತು ಎಂಬುದನ್ನು ಅದು ಹೇಳುತ್ತದೆ. ಹೈ ಜರ್ಮನ್‌ನಲ್ಲಿ ಸುಮಾರು 6ರಿಂದ 8ನೇ ಶತಮಾನದ ನಡುವೆ ವ್ಯಂಜನಗಳು ಸಾಮೂಹಿಕವಾಗಿ ಪಲ್ಲಟಗೊಂಡವು, ಸ್ವರದ ನಂತರದ ಕಕಾರ ಗಂಟಲಿನ ಊಷ್ಮವಾಯಿತು. ಡಚ್ ‘ಮಾಕೆನ್’ ಜರ್ಮನ್‌ನಲ್ಲಿ ‘ಮಾಖೆನ್’, ಡಚ್ ‘ಬೂಕ್’ ಅಲ್ಲಿ ‘ಬೂಖ್’. ಈ ಎರಡು ಸೀಮೆಗಳ ನಡುವಿನ ಗೆರೆ ರೈನ್ ನದಿಯನ್ನು ದಾಟುವುದು ಡುಸೆಲ್‌ಡಾರ್ಫ್‌ಗೆ ಸೇರಿದ ಬೆನ್ರಾತ್‌ನಲ್ಲಿ. ಕಿರಿಕ ‘ಕಿರಿಹ್ಹ’ವಾಗಿ ಈಗ ‘ಕಿರ್ಷೆ’ಗೆ ಹತ್ತಿರದ ಉಚ್ಚಾರಕ್ಕೆ ಬಂದಿದೆ ಎಂದರೆ, ಪಲ್ಲಟ ನಡೆದಾಗ ಪದ ಆಗಲೇ ಭಾಷೆಯೊಳಗೆ ಇತ್ತು. ಕನ್ನಡದಲ್ಲಿ ಪಕಾರ ಹಕಾರವಾದದ್ದನ್ನು ನೆನೆಸಿಕೊಳ್ಳಿ. ‘ಪುಸ್ತಕ’ ಆ ಬದಲಾವಣೆಗೆ ಮೊದಲೇ ನಮ್ಮಲ್ಲಿಗೆ ಬಂದು ‘ಪೊತ್ತಗೆ’ಯಾಗಿತ್ತು, ಅದಕ್ಕೇ ‘ಹೊತ್ತಗೆ’ಯಾಯಿತು. ‘ಪೊಲೀಸ್’ ಆಮೇಲೆ ಬಂತು, ಅದನ್ನು ಯಾರೂ ‘ಹೊಲೀಸ್’ ಎನ್ನುವುದಿಲ್ಲ. ಪದವೊಂದು ಗಡಿ ದಾಟಿದ ಕಾಲವನ್ನು ಅಳೆಯಲು ಇದಕ್ಕಿಂತ ನಂಬಿಕೆಯ ಅಳತೆಗೋಲು ಸಿಗುವುದು ಕಡಿಮೆ.

ಇನ್ನು ನಿಜವಾಗಿ ಕಷ್ಟದ ಪ್ರಶ್ನೆ. ಪಶ್ಚಿಮ ಯೂರೋಪಿನ ಕ್ರೈಸ್ತರ ಭಾಷೆ ಲ್ಯಾಟಿನ್. ಅಲ್ಲಿ ಚರ್ಚಿಗೆ ಇದ್ದ ಪದ ‘ಎಕ್ಲೇಸಿಯ’. ಫ್ರೆಂಚರ ‘ಎಗ್ಲೀಸ್’, ಸ್ಪೇನಿನ ‘ಇಗ್ಲೇಸಿಯ’, ಇಟಲಿಯ ‘ಕಿಯೇಸ’, ವೇಲ್ಸಿನ ‘ಎಗ್ಲುಯಿಸ್’ ಎಲ್ಲ ಅದರ ಸಂತಾನ. ಹಾಗಿರುವಾಗ ರೈನ್ ತೀರದವರ ಬಾಯಿಗೆ ಗ್ರೀಕ್ ‘ಕ್ಯುರಿಯಕೊನ್’ ಹೇಗೆ ಬಂತು?

ಹಳೆಯ ವಿದ್ವಾಂಸರು ಗೋಥರನ್ನು ತೋರಿಸುತ್ತಿದ್ದರು. ಡ್ಯಾನ್ಯೂಬ್ ತೀರದ ಜರ್ಮ್ಯಾನಿಕ್ ಜನರಾದ ಗೋಥರು ಗ್ರೀಕ್ ಜಗತ್ತಿನಿಂದ ಕ್ರೈಸ್ತರಾದವರು, ಅವರ ಮೂಲಕ ಪದ ಪಶ್ಚಿಮಕ್ಕೆ ಹರಿದಿರಬೇಕು ಎಂದು. ನೋಡಲು ಅಚ್ಚುಕಟ್ಟಾದ ದಾರಿ. ಆದರೆ 4ನೇ ಶತಮಾನದಲ್ಲಿ ಗೋಥರ ಬಿಷಪ್ ವುಲ್ಫಿಲ ಮಾಡಿದ ಗೋಥಿಕ್ ಬೈಬಲ್ ಅನುವಾದದಲ್ಲಿ ಇರುವುದು ‘ಎಕ್ಲೇಸಿಯೋ’. ‘ಕಿರಿಕ’ದಂಥ ಪದ ಉಳಿದಿರುವ ಗೋಥಿಕ್ ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ. ಸಾಕ್ಷಿಯನ್ನೇ ಕರೆತರಲಾಗದ ವಾದದ ಮೇಲೆ ಹೆಚ್ಚು ಭಾರ ಹಾಕಬಾರದು.

ರೈನ್, ಮೊಸೆಲ್ ಕಣಿವೆಯ ರೋಮನ್ ಪಟ್ಟಣಗಳ ಕಡೆ ನೋಡುವುದು ಹೆಚ್ಚು ಸರಿ. ಟ್ರಿಯರ್ 4ನೇ ಶತಮಾನದಲ್ಲಿ ಚಕ್ರವರ್ತಿಗಳು ವಾಸವಿದ್ದ ನಗರ. ಕಾನ್‌ಸ್ಟಂಟೈನ್ ಅಲ್ಲಿದ್ದ, ದೊಡ್ಡ ಚರ್ಚು ಸಮುಚ್ಚಯ ಅಲ್ಲಿ ಎದ್ದಿತು. ಅಲೆಕ್ಸಾಂಡ್ರಿಯದ ಗ್ರೀಕ್ ಬಿಷಪ್ ಅಥನೇಸಿಯಸ್ ಗಡೀಪಾರಾಗಿ ಹೋದದ್ದೂ ಅಲ್ಲಿಗೇ. ಇನ್ನೂ ಹಿಂದೆ, 2ನೇ ಶತಮಾನದಲ್ಲಿ, ಲಿಯಾನ್ ನಗರದ ಬಿಷಪ್ ಇರೇನಿಯಸ್ ಬರೆಯುತ್ತಿದ್ದದ್ದು ಗ್ರೀಕ್‌ನಲ್ಲಿ. ಎಂದರೆ ಗ್ರೀಕ್ ಆಡುವ ಕ್ರೈಸ್ತರು ಪಶ್ಚಿಮದ ಪಟ್ಟಣಗಳಲ್ಲಿ ಇದ್ದರು. ಗಡಿಯಾಚೆಯ ಜರ್ಮ್ಯಾನಿಕ್ ಜನ ಇನ್ನೂ ಕ್ರೈಸ್ತರಾಗಿರಲಿಲ್ಲ, ಆದರೆ ರೋಮನ್ ಸೈನ್ಯದಲ್ಲಿ ದುಡಿದರು, ವ್ಯಾಪಾರಕ್ಕೆ ಬಂದರು, ಕೆಲವೊಮ್ಮೆ ಲೂಟಿಗೂ ಬಂದರು. ಹೊರಗಿನಿಂದ ನೋಡುವವರಿಗೆ ಧರ್ಮಸಿದ್ಧಾಂತ ಕಾಣುವುದಿಲ್ಲ, ಕಟ್ಟಡ ಕಾಣುತ್ತದೆ. ಅವರು ಎತ್ತಿಕೊಂಡದ್ದು ಕಟ್ಟಡದ ಹೆಸರನ್ನು. ‘ಎಕ್ಲೇಸಿಯ’ ಮೂಲದಲ್ಲಿ ಅಥೆನ್ಸಿನ ನಾಗರಿಕರ ಸಭೆ, ಕರೆದು ಸೇರಿಸಿದ ಜನ. ‘ಕ್ಯುರಿಯಕೊನ್’ ಕಲ್ಲು ಗಾರೆಯ ಮನೆ. ಮಿಷನರಿಗಳು ಬಂದು ಕಲಿಸುವುದಕ್ಕೆ ಎಷ್ಟೋ ಮೊದಲೇ ಆ ಪದ ಇಲ್ಲಿ ನೆಲೆಸಿತ್ತು. ವಿಲಿಬ್ರೋರ್ಡ್ ಎಂಬ ಇಂಗ್ಲಿಷ್ ಸನ್ಯಾಸಿ ಈ ಸೀಮೆಗೆ ಬಂದದ್ದು 690ರಲ್ಲಿ.

ಈ ಅಂತರ ಡಚ್ಚರನ್ನು ಆಮೇಲೆಯೂ ಕಾಡಿತು. 1637ರ ಅಧಿಕೃತ ಡಚ್ ಬೈಬಲ್‌ನಲ್ಲಿ, ಈ ಬಂಡೆಯ ಮೇಲೆ ನನ್ನ ಎಕ್ಲೇಸಿಯವನ್ನು ಕಟ್ಟುತ್ತೇನೆ ಎಂದು ಯೇಸು ಪೇತ್ರನಿಗೆ ಹೇಳುವಲ್ಲಿ ಅನುವಾದಕರು ‘ಕೆರ್ಕ್’ ಎಂದು ಹಾಕಲಿಲ್ಲ, ‘ಖೆಮೇಂತೆ’ ಎಂದು ಹಾಕಿದರು. ಕಟ್ಟಡವಲ್ಲ, ಜನ ಎಂಬುದು ಅವರ ಒತ್ತು. ಆ ಪದ ನಿಮಗೆ ಚೆನ್ನಾಗಿ ಗೊತ್ತು: ನೆದರ್‌ಲ್ಯಾಂಡ್ಸ್‌ಗೆ ಬಂದ ಹೊಸದರಲ್ಲಿ ವಿಳಾಸ ನೋಂದಾಯಿಸಲು ಹೋದ ನಗರಸಭೆಯೂ ‘ಖೆಮೇಂತೆ’ಯೇ. ಅದರ ನಡುವಿನ ‘ಮೇನ್’ ಎಂದರೆ ಎಲ್ಲರಿಗೂ ಸೇರಿದ್ದು. ಕನ್ನಡ ಬೈಬಲ್ ಅದೇ ಜಾಗದಲ್ಲಿ ‘ಸಭೆ’ ಎನ್ನುತ್ತದೆ. ನಮ್ಮ ಪ್ರೊಟೆಸ್ಟೆಂಟರು ಜನಕ್ಕೆ ಸಭೆ, ಕಟ್ಟಡಕ್ಕೆ ದೇವಾಲಯ ಎಂದು ಬೇರೆ ಮಾಡಿಕೊಂಡಿರುವುದು ಈ ಹಳೆಯ ತೊಡಕಿಗೆ ಬಹಳ ಒಳ್ಳೆಯ ಪರಿಹಾರ.

ಇಗರ್ಜಿಗೆ ಬರೋಣ. ಅದು ಕೆರ್ಕ್‌ನ ರಕ್ತಸಂಬಂಧಿಯಲ್ಲ, ಎದುರು ಮನೆಯದು. ಗ್ರೀಕ್ ‘ಎಕ್ಲೇಸಿಯ’ ಲ್ಯಾಟಿನ್ನಿಗೆ ಹೋಗಿ, ಪೋರ್ಚುಗೀಸ್‌ನಲ್ಲಿ ‘ಇಗ್ರೇಜ’ ಆಯಿತು. ಗೋವೆಯ ಮೂಲಕ ಕೊಂಕಣಿಗೆ ‘ಇಗರ್ಜ್’ ಆಗಿ, ಅಲ್ಲಿಂದ ಕನ್ನಡಕ್ಕೆ ‘ಇಗರ್ಜಿ’ಯಾಗಿ ಬಂತು. ‘ಗ್ರೇ’ ಎಂಬುದು ‘ಗರ್’ ಎಂದು ತಿರುವು ಮುರುವಾದದ್ದು ನಮ್ಮ ಕರಾವಳಿಯಲ್ಲಿ. ಇಂಡೋನೇಷ್ಯದಲ್ಲಿ ಡಚ್ಚರು ಮೂರು ಶತಮಾನಕ್ಕೂ ಹೆಚ್ಚು ಕಾಲ ಬೇರೂರಿದ್ದರೂ ಅಲ್ಲಿನವರು ಚರ್ಚಿಗೆ ಹೇಳುವುದು ‘ಗೆರೆಜ’, ಅದು ಇಗರ್ಜಿಯ ಒಡಹುಟ್ಟು. ಪೋರ್ಚುಗೀಸರು ಅಲ್ಲಿಗೆ ಮೊದಲು ಹೋಗಿದ್ದರು. ಹೀಗೆ ಕನ್ನಡದಲ್ಲಿ ‘ಚರ್ಚ್’, ‘ಇಗರ್ಜಿ’ ಎರಡೂ ಇರುವುದರಿಂದ, ಒಡೆಯನ ಮನೆಯೂ ಕರೆದು ಸೇರಿಸಿದ ಸಭೆಯೂ ನಮ್ಮ ಭಾಷೆಯಲ್ಲಿ ಅಕ್ಕಪಕ್ಕ ಕೂತಿವೆ.

ಸಂಸ್ಕೃತದ ನಂಟೇ ಇಲ್ಲವೇ ಎಂದರೆ, ಇದೆ. ಆದರೆ ಅದು ‘ಚರ್ಚಾ’ದ ಕಡೆಯಿಂದಲ್ಲ. ಒಡೆಯ ಎಂಬ ಅರ್ಥದ ‘ಕ್ಯುರಿಯೊಸ್’ ಹುಟ್ಟಿದ್ದು ‘ಕ್ಯೂರೊಸ್’ ಎಂಬುದರಿಂದ, ಅದರರ್ಥ ಅಧಿಕಾರ, ಬಲ. ಅದರ ಇಂಡೋ-ಯೂರೋಪಿಯನ್ ಮೂಲಧಾತು ಉಬ್ಬುವುದು, ಬಲಿಯುವುದು ಎಂಬ ಅರ್ಥದ್ದು. ಗ್ರೀಕ್‌ನಲ್ಲಿ ಕಕಾರವಾಗಿ ಉಳಿದ ಮೂಲಧ್ವನಿ ಸಂಸ್ಕೃತದಲ್ಲಿ ಶಕಾರವಾಗುತ್ತದೆ. ನೂರಕ್ಕೆ ಗ್ರೀಕ್‌ನಲ್ಲಿ ‘ಹೆಕಟೊನ್’, ಸಂಸ್ಕೃತದಲ್ಲಿ ‘ಶತಮ್’. ನಾಯಿಗೆ ಅಲ್ಲಿ ‘ಕ್ಯುಓನ್’, ಇಲ್ಲಿ ‘ಶ್ವನ್’, ಅದರಿಂದ ನಮ್ಮ ಶ್ವಾನ. ಅದೇ ಲೆಕ್ಕದಲ್ಲಿ ‘ಕ್ಯೂರೊಸ್’ನ ಜೊತೆಗಾರ ಸಂಸ್ಕೃತದ ‘ಶೂರ’. ಕನ್ನಡಕ್ಕೆ ಅದು ತತ್ಸಮವಾಗಿ ಬಂದಿದೆ. ಕೆರ್ಕ್‌ನ ಮುತ್ತಜ್ಜನೂ ನಾವು ದಿನಾ ಆಡುವ ಶೂರನೂ ಒಂದೇ ಬೇರಿನವರು. ಆದರೆ ಇದರಿಂದ ‘ಕೆರ್ಕ್ ಸಂಸ್ಕೃತದಿಂದ ಬಂತು’ ಎಂದು ಹೇಳಬಾರದು. ಇವರು ದಾಯಾದಿಗಳು, ತಂದೆ ಮಗ ಅಲ್ಲ.

ಡಚ್ ಕಲಿಯುತ್ತಿದ್ದೀರಿ, ಆದ್ದರಿಂದ ಕೆರ್ಕ್ ಸೇರಿದ ಕೆಲವು ಮಾತು. ‘ಕೆರ್ಕ್‌ಹೋಫ್’ ಎಂಬ ಫಲಕ ಕಂಡರೆ ಅದು ಸ್ಮಶಾನ. ಪದಶಃ ಚರ್ಚಿನ ಅಂಗಳ, ಹಿಂದೆ ಹೂಳುತ್ತಿದ್ದದ್ದು ಅಲ್ಲಿಯೇ. ‘ಕೆರ್ಕ್‌ಔಯ್ಲ್’ ಚರ್ಚಿನ ಗೋಪುರದಲ್ಲಿ ಗೂಡು ಕಟ್ಟುವ ಗೂಬೆ, ನಮ್ಮ ಕಣಜ ಗೂಬೆಯ ಜಾತಿ. ‘ಕೆರ್ಕ್ ಅನ್ನು ನಡುವೆಯೇ ಇಡು’ ಎಂಬ ನುಡಿಗಟ್ಟಿಗೆ ಯಾರಿಗೂ ಸೋಲಾಗದಂತೆ ರಾಜಿ ಮಾಡು ಎಂದರ್ಥ. ಆದರೆ ‘ಕೆರ್ಕರ್’ ಎಂಬ ಪದ ಕಂಡರೆ ಚರ್ಚಿಗೆ ಗಂಟು ಹಾಕಬೇಡಿ. ಅದು ಸೆರೆಮನೆ, ಲ್ಯಾಟಿನ್ ‘ಕರ್ಕೆರ್’ನಿಂದ ಬಂದದ್ದು. ಕಿರ್ಕುಸ್ ವಾದಕ್ಕೆ ಅದು ಇನ್ನೊಂದು ಉತ್ತರವೂ ಹೌದು. ಆ ಲ್ಯಾಟಿನ್ ಪದದ ‘ರ್ಕ’ ನಡುವೆ ಸ್ವರವಿಲ್ಲದ ಒತ್ತಕ್ಷರವಾಗಿತ್ತು. ಹಳೆಯ ಹೈ ಜರ್ಮನ್‌ನಲ್ಲೂ ಅದು ‘ಕರ್ಕಾರಿ’ ಎಂದು ಒತ್ತಕ್ಷರವಾಗಿಯೇ ಇದೆ, ನಡುವೆ ‘ಇ’ ಬಂದಿಲ್ಲ.

ಬೇಸಿಗೆಯಲ್ಲಿ ನಿಮ್ಮ ಊರಿನ ಬಯಲಿನಲ್ಲಿ ತೊಟ್ಟಿಲು, ತಿರುಗುವ ಕುದುರೆ, ಎಣ್ಣೆಯಲ್ಲಿ ಕರಿದ ಉಂಡೆಗಳ ಅಂಗಡಿ ಎಲ್ಲ ಬಂದು ‘ಕೆರ್ಮಿಸ್’ ಎಂದು ಬೋರ್ಡು ಹಾಕಿರುವುದನ್ನು ನೋಡಿರಬಹುದು. ಅದು ‘ಕೆರ್ಕ್’ ಮತ್ತು ‘ಮಿಸ್’ ಸೇರಿದ ಪದ. ಮಿಸ್ ಎಂದರೆ ಕ್ಯಾಥೊಲಿಕರ ಪೂಜೆ, ನಮ್ಮ ಕರಾವಳಿಯವರು ಹೇಳುವ ಮೀಸ. ಊರಿನ ಚರ್ಚಿನ ಪ್ರತಿಷ್ಠೆಯಾದ ದಿನವನ್ನು ವರ್ಷಕ್ಕೊಮ್ಮೆ ಪೂಜೆಯೊಡನೆ ಆಚರಿಸುತ್ತಿದ್ದರು, ಪೂಜೆಗೆ ಬಂದ ಜನರ ಸುತ್ತ ಸಂತೆ ಸೇರಿತು. ಮೂರು ವ್ಯಂಜನ ಒತ್ತಾಗಿ ಬಂದು ನಡುವಿನ ಕಕಾರ ಬಿದ್ದಿತು, ಪೂಜೆಯೂ ಮರೆಯಾಯಿತು, ಜಾತ್ರೆ ಉಳಿಯಿತು.